ಟ್ಯಾಪೆಟ್ ಕವರ್‌ನಿಂದ ಆಯಿಲ್ ಸೋರ್ತಿದೆಯಾ? ಬೋಲ್ಟ್ ಬಿಗಿ ಮಾಡೋ ಮೊದಲು ಇಷ್ಟು ನೋಡಿ

ಸಾವಯವ ಬೇಸಾಯದ ಬಗ್ಗೆ ಬರೆಯೋರು ಇದ್ದಕ್ಕಿದ್ದಂತೆ ಇಂಜಿನ್ ಆಯಿಲ್ ವಿಚಾರಕ್ಕೆ ಯಾಕೆ ಬಂದ್ರು ಅಂತ ಕೆಲವರಿಗೆ ಅನ್ನಿಸಬಹುದು. ಒಕ್ಕಣೆ ಹತ್ತಿರ ಬಂತು, ಅದಕ್ಕೇ. ನಮ್ಮ ಕಡೆ ಎತ್ತು ಕಟ್ಟಿ ಕಣದಲ್ಲಿ ಗುಂಡು ಎಳೆಸೋರು ಈಗ ಬೆರಳೆಣಿಕೆಯಷ್ಟು ಜನ. ರಾಗಿ ಇರಲಿ, ಹುರುಳಿ ಇರಲಿ, ಹರಡಿ ಅದರ ಮೇಲೆ ಟ್ರ್ಯಾಕ್ಟರ್ ಸುತ್ತಿಸೋದೇ ರೂಢಿ. ಆ ಟ್ರ್ಯಾಕ್ಟರ್‌ನ ಇಂಜಿನ್‌ನಿಂದ ಆಯಿಲ್ ತೊಟ್ಟಿಕ್ಕುತ್ತಿದ್ದರೆ ಅದು ಬೀಳೋದು ನೇರವಾಗಿ ನಾವು ಉಣ್ಣೋ ರಾಗಿ ಮೇಲೆ, ದನ ತಿನ್ನೋ ಹುಲ್ಲಿನ ಮೇಲೆ. ವರ್ಷವಿಡೀ ಜೀವಾಮೃತ ಹಾಕಿ, ಒಂದು ಚಮಚ ರಾಸಾಯನಿಕ ಸೋಕಿಸದೆ ಬೆಳೆದ ಕಾಳಿಗೆ ಕೊನೇ ದಿನ ಕಪ್ಪು ಆಯಿಲ್ ಅಭಿಷೇಕ ಆದರೆ ಹೊಟ್ಟೆ ಉರಿಯಲ್ವಾ?

ಇಂಜಿನ್‌ನಲ್ಲಿ ಓಡಿದ ಆಯಿಲ್ ಅಂದರೆ ಬರೀ ಜಿಡ್ಡಲ್ಲ. ಡೀಸೆಲ್ ಉರಿದ ಮಸಿ, ಸವೆದ ಲೋಹದ ಕಣ, ಅರ್ಧಂಬರ್ಧ ಉರಿದ ಇಂಧನದ ವಿಷವಸ್ತುಗಳು ಎಲ್ಲ ಅದರಲ್ಲಿ ಸೇರಿಕೊಂಡಿರುತ್ತವೆ. ಆಯಿಲ್ ವಾಸನೆ ಹತ್ತಿದ ಹುಲ್ಲನ್ನು ಹಸು ಮೂಸಿ ಪಕ್ಕಕ್ಕೆ ತಳ್ಳತ್ತೆ, ನೀವೂ ನೋಡಿರಬಹುದು. ಇದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಟ್ಯಾಪೆಟ್ ಕವರ್ ಇರೋದು ಇಂಜಿನ್‌ನ ನೆತ್ತಿ ಮೇಲೆ. ಅಲ್ಲಿಂದ ಇಳಿದ ಆಯಿಲ್ ಸೈಲೆನ್ಸರ್ ಹೊರಡೋ ಮ್ಯಾನಿಫೋಲ್ಡ್ ಕಡೆಗೂ ಹರಿಯತ್ತೆ. ಕಣದಲ್ಲಿ ಹಾರಾಡೋ ಹೊಟ್ಟು, ಧೂಳು ಆ ಜಿಡ್ಡಿಗೆ ಅಂಟಿ ಮೆತ್ತೆ ಕಟ್ಟಿಕೊಂಡರೆ, ಪಕ್ಕದಲ್ಲೇ ಕಾದ ಕಬ್ಬಿಣ. ಸುತ್ತಲೂ ಒಣಹುಲ್ಲು. ಮುಂದಿನದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ದುಡ್ಡಿನ ಲೆಕ್ಕವನ್ನೂ ಒಮ್ಮೆ ಹಾಕಿ ನೋಡೋಣ. ಸುಮಾರು 20 ಹನಿ ಸೇರಿದರೆ 1 ಮಿಲಿ. 10 ಸೆಕೆಂಡಿಗೆ ಒಂದು ಹನಿ ಬೀಳುತ್ತಿದೆ ಅಂದುಕೊಳ್ಳಿ, ಗಂಟೆಗೆ 360 ಹನಿ, ಅಂದರೆ 18 ಮಿಲಿ. 250 ಗಂಟೆಗೊಮ್ಮೆ ಆಯಿಲ್ ಬದಲಿಸೋ ಗಾಡಿಯಲ್ಲಿ ಅಷ್ಟರೊಳಗೆ ನಾಲ್ಕೂವರೆ ಲೀಟರ್ ಹೊರಗೆ ಹೋಗಿರತ್ತೆ. ಸಾಮಾನ್ಯ 3 ಸಿಲಿಂಡರ್ ಟ್ರ್ಯಾಕ್ಟರಿನ ಸಂಪ್ ಹಿಡಿಯೋದೇ 6-8 ಲೀಟರ್ ಆಸುಪಾಸು. ನಡುವೆ ಡಿಪ್‌ಸ್ಟಿಕ್ ನೋಡಿ ಸುರಿಯದೇ ಹೋದರೆ ಇಂಜಿನ್ ಸೀಜ್ ಆಗೋ ಮಟ್ಟಕ್ಕೆ ಹೋಗಬಹುದು. "ಏ, ಸ್ವಲ್ಪ ಒದ್ದೆ ಅಷ್ಟೇ ಕಣಪ್ಪಾ" ಅನ್ನೋ ಮಾತಿನ ಹಿಂದೆ ಇಷ್ಟೆಲ್ಲ ಇದೆ.

ಮೊದಲು ಸೋರ್ತಿರೋದು ಎಲ್ಲಿಂದ ಅಂತ ಹಿಡಿಯಿರಿ

ಆಯಿಲ್ ತೊಟ್ಟಿಕ್ಕೋ ಜಾಗವೇ ಬೇರೆ, ಸೋರೋ ಜಾಗವೇ ಬೇರೆ. ಟ್ರ್ಯಾಕ್ಟರ್‌ನಲ್ಲಿ ಫ್ಯಾನು ರೇಡಿಯೇಟರ್ ಮೂಲಕ ಗಾಳಿ ಎಳೆದು ಇಂಜಿನ್ ಮೇಲೆ ಹಿಂದಕ್ಕೆ ತಳ್ಳತ್ತೆ. ಹಾಗಾಗಿ ಮೇಲೆ ಕವರ್ ಅಂಚಿನಲ್ಲಿ ಜಿನುಗಿದ್ದು ಕೆಳಕ್ಕೂ ಹಿಂದಕ್ಕೂ ಹರಡಿ ಫ್ಲೈವೀಲ್ ಹೌಸಿಂಗ್ ಹತ್ತಿರ ಹನಿಯಾಗಿ ಬೀಳತ್ತೆ. ಅದನ್ನು ನೋಡಿ ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್ ಹೋಗಿದೆ ಅಂತ ತೀರ್ಮಾನ ಮಾಡೋರುಂಟು. ಆ ಸೀಲ್ ಹಾಕಬೇಕಂದರೆ ಟ್ರ್ಯಾಕ್ಟರನ್ನು ನಡುವೆ ಎರಡು ಭಾಗ ಮಾಡಬೇಕು. ಒಂದು ಪ್ಯಾಕಿಂಗ್ ಬದಲಿಸೋ ಜಾಗದಲ್ಲಿ ಗಾಡಿಯನ್ನೇ ಸೀಳೋದು ಯಾವ ನ್ಯಾಯ? ಕ್ಲಚ್ ಹೌಸಿಂಗ್ ತಳದಲ್ಲಿ ಒಂದು ಸಣ್ಣ ತೂತು ಇರತ್ತೆ. ಆಯಿಲ್ ಆ ತೂತಿನ ಒಳಗಿನಿಂದಲೇ ಬರ್ತಿದ್ದರೆ ಸೀಲ್ ಮೇಲೆ ಅನುಮಾನ ಪಡಿ. ಹೌಸಿಂಗ್‌ನ ಹೊರಮೈ ಒದ್ದೆಯಾಗಿದ್ದು ತೂತಿನ ಒಳಗೆ ಒಣಗಿದ್ದರೆ ಮೇಲಕ್ಕೆ ಕಣ್ಣು ಹಾಯಿಸಿ.

ಪತ್ತೆ ಮಾಡೋಕೆ ಯಾವ ಯಂತ್ರವೂ ಬೇಡ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಹಳೇ ಬ್ರಷ್ ತಗೊಂಡು ಸ್ವಲ್ಪ ಡೀಸೆಲ್‌ನಲ್ಲಿ ಅದ್ದಿ ಕವರ್ ಸುತ್ತ, ಹೆಡ್ ಪಕ್ಕ, ಹಿಂಭಾಗ ಎಲ್ಲ ಉಜ್ಜಿ. ಆಮೇಲೆ ಸೋಪು ನೀರಲ್ಲಿ ಬಟ್ಟೆ ಹಿಂಡಿ ಒರೆಸಿ, ಒಣಬಟ್ಟೆಯಿಂದ ಜಿಡ್ಡಿಲ್ಲದ ಹಾಗೆ ಮಾಡಿ. ಆಲ್ಟರ್ನೇಟರ್, ಸ್ಟಾರ್ಟರ್, ಏರ್ ಫಿಲ್ಟರ್ ಬಾಯಿಗೆ ಪ್ಲಾಸ್ಟಿಕ್ ಕಟ್ಟಿರಿ. ಸರ್ವಿಸ್ ಸ್ಟೇಷನ್ ಥರ ಪ್ರೆಷರ್ ನೀರು ಹೊಡೆಯೋದು ಇಲ್ಲಿ ಬೇಡವೇ ಬೇಡ, ಬ್ರೀದರ್ ಒಳಗೆ ನೀರು ನುಗ್ಗತ್ತೆ. ಒಣಗಿದ ಜಾಗಕ್ಕೆ ಮುಖಕ್ಕೆ ಹಾಕೋ ಟಾಲ್ಕಂ ಪೌಡರನ್ನು ತೆಳ್ಳಗೆ ಬಳಿದು, ಇಂಜಿನ್ನನ್ನು 15-20 ನಿಮಿಷ ಓಡಿಸಿ. ಎಲ್ಲಿ ಬಿಳಿ ಮೊದಲು ಕಪ್ಪಾಗತ್ತೋ ಅದೇ ಜಾಗ. ಪೌಡರ್ ಬದಲು ಸುಣ್ಣ ಹಚ್ಚಬೇಡಿ, ತೇವ ಸೇರಿದರೆ ಅದು ಅಲ್ಯೂಮಿನಿಯಂ ತಿನ್ನತ್ತೆ.

ಗಮನಿಸಬೇಕಾದ ಜಾಗ ಕವರ್ ಅಂಚು ಒಂದೇ ಅಲ್ಲ. ಬಹಳ ಟ್ರ್ಯಾಕ್ಟರ್‌ಗಳಲ್ಲಿ ಕವರ್ ನೆತ್ತಿಯ ಮೇಲೆ ಎರಡು ಮೂರು ನಟ್ ಇರುತ್ತವೆ, ಒಳಗಿನ ಸ್ಟಡ್ ಕವರ್ ತೂತಿನಿಂದ ಮೇಲೆ ಬಂದಿರತ್ತೆ. ಆ ನಟ್ ಕೆಳಗಿನ ರಬ್ಬರ್ ಅಥವಾ ತಾಮ್ರದ ವಾಷರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಅಲ್ಲಿಂದ ಬಂದ ಆಯಿಲ್ ಕವರ್ ಮೇಲೆ ಹರಿದು ಅಂಚಿಗೆ ಇಳಿಯತ್ತೆ. ನೋಡೋರಿಗೆ ಪ್ಯಾಕಿಂಗ್ ಹೋಗಿದೆ ಅನ್ನಿಸತ್ತೆ. ಹೊಸ ಪ್ಯಾಕಿಂಗ್ ಹಾಕಿದರೂ ಸೋರಿಕೆ ಹಾಗೇ ಇದೆ ಅಂತ ಹೇಳೋರಲ್ಲಿ ಕಾಲು ಭಾಗದ ಜನ ಈ ವಾಷರ್ ಮರೆತೋರೇ ಅಂತ ನನ್ನ ಅಂದಾಜು. ಆಯಿಲ್ ಸುರಿಯೋ ಕ್ಯಾಪಿನ ರಬ್ಬರ್ ರಿಂಗನ್ನೂ ನೋಡಿ. ಹಾಗೇ ಇಂಜೆಕ್ಟರ್ ಪೈಪಿನಿಂದ ಡೀಸೆಲ್ ಜಿನುಗ್ತಾ ಇದ್ದರೆ ಅದೂ ಇಲ್ಲೇ ಹರಡತ್ತೆ. ಬೆರಳಿಗೆ ಹಚ್ಚಿ ಮೂಸಿದರೆ ವ್ಯತ್ಯಾಸ ಗೊತ್ತಾಗತ್ತೆ. ಡೀಸೆಲ್ ತೆಳು, ಧೂಳನ್ನು ತೊಳ್ಕೊಂಡು ಹೋಗತ್ತೆ. ಆಯಿಲ್ ಧೂಳನ್ನು ಹಿಡ್ಕೊಂಡು ಕೂರತ್ತೆ.

ಕವರ್ ಒಳಗೆ ಒತ್ತಡ ಇರಬಾರದು

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ತೀನಿ ಅನ್ನೋರು ಇದನ್ನು ಇಟ್ಟುಕೊಳ್ಳಿ. ಟ್ಯಾಪೆಟ್ ಕವರ್ ಅಂದರೆ ಪ್ರೆಷರ್ ಕುಕ್ಕರ್ ಮುಚ್ಚಳ ಅಲ್ಲ, ಅನ್ನದ ಪಾತ್ರೆ ಮೇಲಿನ ತಟ್ಟೆ. ಒಳಗೆ ರಾಕರ್, ಸ್ಪ್ರಿಂಗ್, ವಾಲ್ವ್ ಕಾಲುಗಳು ಕುಣೀತಾ ಇರುತ್ತವೆ. ಅವಕ್ಕೆ ಬಂದ ಆಯಿಲ್ ಸುತ್ತ ಸಿಡಿದು, ಪುಶ್‌ರಾಡ್ ಹೋಗೋ ತೂತುಗಳಲ್ಲಿ ತಾನಾಗೇ ಕೆಳಗೆ ಸಂಪ್‌ಗೆ ಇಳಿಯತ್ತೆ. ಪ್ಯಾಕಿಂಗ್ ತಡೀಬೇಕಾದ್ದು ಈ ಸಿಡಿತವನ್ನು ಮಾತ್ರ. ಅದಕ್ಕೇ ಅಲ್ಲಿ ಕಾರ್ಕ್, ರಬ್ಬರಿನಂಥ ಮೆತ್ತನೆ ಸಾಮಾನು ಸಾಕು.

ಹಾಗಾದರೆ ಒತ್ತಡ ಎಲ್ಲಿಂದ? ಪಿಸ್ಟನ್ ಮೇಲೆ ಡೀಸೆಲ್ ಉರಿದಾಗ ಸ್ವಲ್ಪ ಗಾಳಿ ರಿಂಗ್ ದಾಟಿ ಕೆಳಗೆ ಇಳಿಯೋದು ಸಹಜ, ಹೊಸ ಇಂಜಿನ್ನಲ್ಲೂ ಅದು ಇರತ್ತೆ. ಈ ಗಾಳಿ ಹೊರಗೆ ಹೋಗೋಕೆ ಬ್ರೀದರ್ ಅಂತ ಒಂದು ದಾರಿ ಕೊಟ್ಟಿರ್ತಾರೆ. ಕೆಲವು ಗಾಡಿಯಲ್ಲಿ ಕವರ್ ಮೇಲೇ ಟೊಪ್ಪಿಗೆ ಥರ, ಕೆಲವರಲ್ಲಿ ಬ್ಲಾಕ್ ಪಕ್ಕದಿಂದ ನೆಲದ ಕಡೆ ಇಳಿಬಿಟ್ಟ ಪೈಪು, ಈಗಿನ ಕೆಲವು ಮಾಡೆಲ್‌ಗಳಲ್ಲಿ ಏರ್ ಫಿಲ್ಟರ್ ಪೈಪಿಗೆ ಸೇರಿಸಿದ ಹೋಸು. ಈ ದಾರಿ ಕಟ್ಟಿದರೆ ಗಾಳಿ ಇನ್ನೊಂದು ದಾರಿ ಹುಡುಕತ್ತೆ. ಅತಿ ದುರ್ಬಲ ಜಾಗ ಯಾವುದು? ಟ್ಯಾಪೆಟ್ ಕವರ್ ಪ್ಯಾಕಿಂಗ್. ಆಗ ನೀವು ಎಂಥ ಕಂಪನಿ ಪ್ಯಾಕಿಂಗ್ ಹಾಕಿದರೂ ಹದಿನೈದು ದಿನಕ್ಕೆ ಮತ್ತೆ ಒದ್ದೆ.

ಬ್ರೀದರ್ ಯಾಕೆ ಕಟ್ಟತ್ತೆ? ಒಳಗಿನ ತಂತಿ ಜಾಲರಿಗೆ ಆಯಿಲ್ ಆವಿ ಮತ್ತು ಧೂಳು ಸೇರಿ ಅಂಟು ಕಟ್ಟೋದು ಒಂದು. ಹೋಸು ಮೆತ್ತಗಾಗಿ ಮಡಚಿಕೊಳ್ಳೋದು ಇನ್ನೊಂದು. ಮೂರನೇದು ಯಾವ ಮ್ಯಾನುಯಲ್‌ನಲ್ಲೂ ಬರೆದಿರಲ್ಲ: ಕುಂಬಾರ ಹುಳ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಶೆಡ್‌ನಲ್ಲಿ ವಾರಗಟ್ಟಲೆ ನಿಂತರೆ, ಬೆರಳು ಗಾತ್ರದ ತೂತು ಎಲ್ಲಿದ್ದರೂ ಅದು ಮಣ್ಣು ತಂದು ಮೆತ್ತಿ ಗೂಡು ಕಟ್ಟತ್ತೆ. ಬ್ರೀದರ್ ಪೈಪಿನ ಬಾಯಿ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ನಮ್ಮ ಪಕ್ಕದ ತೋಟದ ಯಜಮಾನರ ಟ್ರ್ಯಾಕ್ಟರಿಗೆ ಹೋದ ವರ್ಷ ಆಗಿದ್ದು ಇದೇ. ಕವರ್ ಸುತ್ತ ಆಯಿಲ್ಲೋ ಆಯಿಲ್ಲು, ಡಿಪ್‌ಸ್ಟಿಕ್ ಕೂಡ ತಾನಾಗೇ ಮೇಲೆ ಏಳ್ತಿತ್ತು. ಪೇಟೆ ಗ್ಯಾರೇಜಿನಲ್ಲಿ ಎರಡು ಸಲ ಪ್ಯಾಕಿಂಗ್ ಹಾಕಿಸಿದ್ದರು. ಮೂರನೇ ಸಲ ಹೋದಾಗ, "ಗೌಡ್ರೇ, ಕಂಪ್ರೆಷನ್ ಕೆಳಗೆ ಬರ್ತಿದೆ, ರಿಂಗು ಪಿಸ್ಟನ್ ಬೋರು ಎಲ್ಲ ಮಾಡಿಸ್ಬೇಕು, 40 ಸಾವಿರ ಇಟ್ಕೊಳ್ಳಿ" ಅಂದರಂತೆ. ಅಡಿಕೆ ಕೊಯ್ಲಿನ ದುಡ್ಡು ಇನ್ನೂ ಕೈಗೆ ಬಂದಿರಲಿಲ್ಲ. ಒಂದು ಹಸು ಮಾರೋ ಯೋಚನೆಯಲ್ಲಿದ್ದರು. ನಮ್ಮ ಮನೆಗೆ ಗೊಬ್ಬರದ ಮಾತಿಗೆ ಬಂದಾಗ ಈ ಸಂಗತಿ ಹೇಳಿ, "ನೀವು ಓದ್ದೋರು, ಒಂದ್ಸಲ ನೋಡ್ರಪ್ಪ" ಅಂದರು. ನಾನು ಓದಿದ್ದು ತೋಟಗಾರಿಕೆ, ಅದರಲ್ಲಿ ಇಂಜಿನ್ ಪಾಠ ಇದ್ದದ್ದು ಒಂದು ಸೆಮಿಸ್ಟರ್ ಮಾತ್ರ. ಆದರೂ ಬ್ರೀದರ್ ಪೈಪಿನ ಬಾಯಿಗೆ ಒಂದು ತಂತಿ ತೂರಿಸಿದರೆ ಬೆರಳುದ್ದ ಕೂಡ ಹೋಗಲಿಲ್ಲ. ಪೈಪು ಬಿಚ್ಚಿ ಕುಟ್ಟಿದರೆ ಒಣಗಿದ ಕೆಮ್ಮಣ್ಣಿನ ಗೂಡು ತುಂಡು ತುಂಡಾಗಿ ಬಿತ್ತು, ಒಳಗೆ ಹುಳ ತನ್ನ ಮರಿಗೆ ಕೂಡಿಟ್ಟ ಜೇಡಗಳ ಸಮೇತ. ಪೈಪು ತೊಳೆದು ಹಾಕಿ, ಹೊಸ ಪ್ಯಾಕಿಂಗ್ ಕೂರಿಸಿದ್ವಿ. ಪ್ಯಾಕಿಂಗ್, ವಾಷರ್ ಸೇರಿ 300 ರೂಪಾಯಿ ಒಳಗೆ ಮುಗೀತು. ಹಸು ಈಗಲೂ ಅವರ ಕೊಟ್ಟಿಗೆಯಲ್ಲೇ ಇದೆ.

ಗ್ಯಾರೇಜಿನವರ ಮೇಲೆ ತಪ್ಪು ಹೊರಿಸೋಕೆ ಇದನ್ನು ಹೇಳ್ತಿಲ್ಲ. ಬ್ರೀದರ್ ಕಟ್ಟಿದ ಇಂಜಿನ್ನೂ ರಿಂಗ್ ಸವೆದ ಇಂಜಿನ್ನೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಬೇರೆ ಮಾಡಿ ನೋಡೋದು ಹೀಗೆ: ಇಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿಟ್ಟು ಆಯಿಲ್ ಸುರಿಯೋ ಕ್ಯಾಪನ್ನು ನಿಧಾನಕ್ಕೆ ಸಡಿಲ ಮಾಡಿ. ಮುಖ ಹತ್ತಿರ ಒಯ್ಯಬೇಡಿ, ಬಿಸಿ ಆಯಿಲ್ ಸಿಡಿಯತ್ತೆ. ಒಮ್ಮೆ ಬುಸ್ ಅಂತ ಗಾಳಿ ಬಂದು, ಆಮೇಲೆ ತೆಳು ಆವಿ ಮಾತ್ರ ಬರ್ತಿದ್ದರೆ ಒಳಗೆ ಗಾಳಿ ಕೂಡಿಟ್ಟುಕೊಂಡಿತ್ತು ಅಂತ ಅರ್ಥ, ಬ್ರೀದರ್ ನೋಡಿ. ಕ್ಯಾಪನ್ನು ಬಾಯಿ ಮೇಲೆ ಸುಮ್ಮನೆ ಇಟ್ಟರೆ ಕುಣಿದು ಬೀಳೋ ಹಾಗೆ, ನೀಲಿ-ಬೂದು ಹೊಗೆ ದಪ್ಪಗೆ ಪುಸುಪುಸು ಅಂತ ನಿಲ್ಲದೇ ಬರ್ತಿದ್ದರೆ, ಜೊತೆಗೆ ಸೈಲೆನ್ಸರ್‌ನಲ್ಲಿ ನೀಲಿ ಹೊಗೆ, ಬೆಳಿಗ್ಗೆ ಸ್ಟಾರ್ಟ್ ಆಗೋಕೆ ತಕರಾರು ಇದ್ದರೆ, ಆಗ ರಿಂಗ್-ಬೋರಿನ ಮಾತು ನಿಜ ಇರಬಹುದು. ಅಂಥ ಇಂಜಿನ್ನಿಗೆ ಟ್ಯಾಪೆಟ್ ಪ್ಯಾಕಿಂಗ್ ಹಾಕ್ತಾ ಕೂತರೆ ತೂತಿನ ಕೊಡಕ್ಕೆ ನೀರು ತುಂಬಿದ ಹಾಗೆ. ಕಂಪ್ರೆಷನ್ ಅಳತೆ ಮಾಡಿಸಿ, ಮೀಟರ್ ರೀಡಿಂಗ್ ಕಣ್ಣಾರೆ ನೋಡಿ, ಆಮೇಲೆ ದುಡ್ಡಿನ ಯೋಚನೆ ಮಾಡಿ.

ಅಂದ ಹಾಗೆ ಆಯಿಲ್ ಜಾಸ್ತಿ ಸುರಿದಿದ್ದರೂ ಇದೇ ತೊಂದರೆ. ಡಿಪ್‌ಸ್ಟಿಕ್‌ನ ಮೇಲಿನ ಗೆರೆ ದಾಟಿದರೆ ಕ್ರ್ಯಾಂಕ್ ಆಯಿಲ್ಲನ್ನು ಕಡೆದು ನೊರೆ ಎಬ್ಬಿಸತ್ತೆ, ಅದು ಬ್ರೀದರ್ ಕಡೆ ನುಗ್ಗತ್ತೆ. "ಹೇಗೂ ಸೋರತ್ತೆ, ಅರ್ಧ ಲೀಟರ್ ಜಾಸ್ತಿ ಹಾಕು" ಅನ್ನೋ ಲೆಕ್ಕಾಚಾರ ಕೆಲಸ ಮಾಡಲ್ಲ. ಅಳತೆ ನೋಡೋದು ಸಮತಟ್ಟಾದ ಜಾಗದಲ್ಲಿ, ಇಂಜಿನ್ ನಿಲ್ಲಿಸಿ ಆಯಿಲ್ ಇಳಿಯೋಕೆ ಸಮಯ ಕೊಟ್ಟ ಮೇಲೆ.

ಬಿಗಿ ಮಾಡಿದಷ್ಟೂ ಜಾಸ್ತಿ ಸೋರತ್ತೆ

ಆಯಿಲ್ ಕಂಡ ಕೂಡಲೇ ಸ್ಪ್ಯಾನರ್ ಹಿಡಿದು ಒಂದು ಸುತ್ತು ಬಿಗಿಯೋದು ನಮ್ಮೆಲ್ಲರ ಸ್ವಭಾವ. ತಗಡಿನ ಕವರಿಗೆ ಇದೇ ವಿಷ. ಬೋಲ್ಟ್ ತೂತಿನ ಸುತ್ತ ತಗಡು ಕೆಳಕ್ಕೆ ಗುಳಿ ಬೀಳತ್ತೆ, ಎರಡು ಬೋಲ್ಟಿನ ನಡುವೆ ಅಂಚು ಮೇಲಕ್ಕೆ ಬಿಲ್ಲಿನ ಹಾಗೆ ಬಾಗತ್ತೆ. ಬೋಲ್ಟ್ ಹತ್ತಿರ ಕಾರ್ಕ್ ನುಜ್ಜುಗುಜ್ಜಾಗಿ ಹೊರಗೆ ಚಿಮ್ಮತ್ತೆ, ನಡುವೆ ಒತ್ತೇ ಇರಲ್ಲ. ಆಯಿಲ್ ಅಲ್ಲಿಂದ ಆರಾಮಾಗಿ ಬರತ್ತೆ. ಮತ್ತೆ ಬಿಗಿದರೆ ಬಾಗು ಇನ್ನೂ ಜಾಸ್ತಿ. ಹೆಡ್ ಅಲ್ಯೂಮಿನಿಯಂ ಆಗಿದ್ದರೆ ಥ್ರೆಡ್ಡೇ ಕಿತ್ತು ಬರೋದೂ ಉಂಟು.

ಸರಿ ಮಾಡೋದು ಕಷ್ಟ ಅಲ್ಲ. ಕವರ್ ಬಿಚ್ಚಿ ಬೋರಲು ಹಾಕಿದರೆ ತೂತುಗಳ ಸುತ್ತ ತಗಡು ಉಬ್ಬಿ ನಿಂತಿರೋದು ಕಾಣತ್ತೆ. ಅಂಚಿನ ಕೆಳಗೆ ಗಟ್ಟಿ ಮರದ ತುಂಡು ಕೊಟ್ಟು ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಸಮ ಮಾಡಿ. ಆಮೇಲೆ ಒಂದು ದಪ್ಪ ಗಾಜಿನ ಮೇಲೆ ಕವರ್ ಇಟ್ಟು, ಅಂಚಿನ ಕೆಳಗೆ ಬೆಳಕು ಎಲ್ಲಿ ತೂರ್ತಿದೆ ನೋಡಿ. ಎರಕದ ಅಲ್ಯೂಮಿನಿಯಂ ಕವರಿಗೆ ಸುತ್ತಿಗೆ ಮುಟ್ಟಿಸಬೇಡಿ, ಬಿರುಕು ಬಿಡತ್ತೆ. ಅದು ಬಾಗಿದ್ದರೆ ಲೇತ್ ಶಾಪಿಗೆ ಕೊಡೋದೇ ಸರಿ.

ಕವರ್ ತೆಗೆಯೋ ಕೆಲಸ

ಇಂಜಿನ್ ತಣ್ಣಗಿರಲಿ. ಬ್ಯಾಟರಿಯ ಮೈನಸ್ ತಂತಿ ತೆಗೆದಿಡಿ. ಬೋಲ್ಟ್ ಮುಟ್ಟೋ ಮೊದಲು ಕವರ್ ಸುತ್ತಲಿನ ಮಣ್ಣು, ಹೊಟ್ಟು ಎಲ್ಲ ಬ್ರಷ್‌ನಲ್ಲಿ ತೆಗೀರಿ. ಈ ಒಂದು ಕೆಲಸಕ್ಕೆ ಸೋಮಾರಿತನ ಮಾಡಬೇಡಿ, ಅಲ್ಲಿ ಒಳಗೆ ಬಿದ್ದ ಮರಳು ಸೀದಾ ಆಯಿಲ್ ಜೊತೆ ಇಂಜಿನ್ನೊಳಕ್ಕೆ ಹೋಗತ್ತೆ. ಬೋಲ್ಟ್‌ಗಳನ್ನು ಎಲ್ಲ ಕಡೆಯಿಂದ ಸ್ವಲ್ಪ ಸ್ವಲ್ಪವೇ ಸಡಿಲ ಮಾಡ್ತಾ ಬನ್ನಿ. ಕವರ್ ಅಂಟಿಕೊಂಡಿದ್ದರೆ ಪಕ್ಕದಿಂದ ಮರದ ತುಂಡಿಟ್ಟು ತಟ್ಟಿದರೆ ಏಳತ್ತೆ. ಸ್ಕ್ರೂಡ್ರೈವರ್ ತೂರಿಸಿ ಎಬ್ಬಿದರೆ ಹೆಡ್ ಮೈ ಗೀರತ್ತೆ, ಆ ಗೀರೇ ಮುಂದೆ ಆಯಿಲ್‌ಗೆ ಕಾಲುವೆ.

ತೆಗೆದ ಕೂಡಲೇ ಒಳಗೆ ಒಂದು ನೋಟ ಹಾಕಿ. ಕಪ್ಪು ಗ್ರೀಸಿನಂಥ ಗಸಿ ಕೂತಿದ್ದರೆ ಆಯಿಲ್ ಬದಲಿಸೋದು ತಡವಾಗ್ತಿದೆ. ಮಜ್ಜಿಗೆ ಬಣ್ಣದ ನೊರೆ ಇದ್ದರೆ ನೀರು ಸೇರಿದೆ. ತುಂಬಾ ದಿನ ನಿಂತ ಗಾಡಿಯಲ್ಲಿ ಕವರ್‌ಗೆ ಮಾತ್ರ ಒಂಚೂರು ಹತ್ತಿದ್ದರೆ ಅದು ತೇವದಿಂದ ಆದದ್ದು ಇರಬಹುದು. ಡಿಪ್‌ಸ್ಟಿಕ್‌ನಲ್ಲೂ ಹಾಗೇ ಇದ್ದು, ರೇಡಿಯೇಟರ್ ನೀರು ಕಡಿಮೆ ಆಗ್ತಿದ್ದರೆ ಹೆಡ್ ಗ್ಯಾಸ್ಕೆಟ್ ತೋರಿಸಿ, ಗಾಡಿ ಓಡಿಸಬೇಡಿ. ಹೇಗೂ ಕವರ್ ತೆಗೆದಿರ್ತೀರಿ, ಟ್ಯಾಪೆಟ್ ಗ್ಯಾಪ್ ನೋಡಿಸೋ ಗಂಟೆ ಹತ್ತಿರ ಬಂದಿದ್ದರೆ ಮೆಕ್ಯಾನಿಕ್ಕನ್ನು ಅವತ್ತೇ ಕರೆಸಿ, ಒಂದು ಬಿಚ್ಚೋದು ಉಳಿಯತ್ತೆ.

ಹಳೇ ಪ್ಯಾಕಿಂಗ್ ಕೆರೆಯೋ ಮೊದಲು ಪುಶ್‌ರಾಡ್ ತೂತುಗಳಿಗೆ ಬಟ್ಟೆ ತುರುಕಿ. ಎಷ್ಟು ಬಟ್ಟೆ ತುರುಕಿದ್ರಿ ಅಂತ ಎಣಿಸಿಟ್ಟು ಅಷ್ಟನ್ನೂ ಹೊರಗೆ ತೆಗೀರಿ. ಕೆರೆಯೋಕೆ ಬಿದಿರಿನ ಚಕ್ಕೆ ಚೂಪು ಮಾಡ್ಕೊಂಡ್ರೆ ಸಾಕು, ಬ್ಲೇಡು ಉಳಿ ಬೇಡ. ಕೊನೆಗೆ ಎರಡೂ ಮೈಯನ್ನು ಸ್ವಲ್ಪ ಪೆಟ್ರೋಲ್ ಅಥವಾ ತಿನ್ನರ್ ಹಾಕಿದ ಶುದ್ಧ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಬಿಳಿಯಾಗೇ ಬರೋವರೆಗೂ. ಬಯಲಲ್ಲಿ ಮಾಡಿ, ಬೀಡಿ ದೂರ ಇರಲಿ. ಬೋಲ್ಟ್ ತೂತಿನಲ್ಲಿ ಆಯಿಲ್ ನಿಂತಿದ್ದರೆ ಬಟ್ಟೆ ಬತ್ತಿಯಿಂದ ಹೀರಿ ತೆಗೀರಿ, ಇಲ್ಲದಿದ್ದರೆ ಬೋಲ್ಟ್ ಪೂರ್ತಿ ಕೂರೋ ಮೊದಲೇ ಬಿಗಿಯಾದ ಹಾಗೆ ಅನ್ನಿಸತ್ತೆ.

ಯಾವ ಪ್ಯಾಕಿಂಗ್, ಯಾವ ಅಂಟು

ನಿಮ್ಮ ಇಂಜಿನ್ ಮಾಡೆಲ್ ಹೇಳಿ ಅದಕ್ಕೇ ಆದ ಪ್ಯಾಕಿಂಗ್ ತನ್ನಿ. ಹಳೇದನ್ನು ಜೊತೆಗೆ ಒಯ್ದು ಅಂಗಡಿಯಲ್ಲೇ ಒಂದರ ಮೇಲೊಂದು ಇಟ್ಟು ನೋಡಿ. ಬರೀ ಕಾರ್ಕಿನದು ಅಂಗಡಿ ಗೋಡೆಗೆ ವರ್ಷಗಟ್ಟಲೆ ನೇತಾಡಿ ಒಣಗಿ ಕುಗ್ಗಿರಬಹುದು, ಒದ್ದೆ ಬಟ್ಟೆಯಲ್ಲಿ ಸ್ವಲ್ಪ ಹೊತ್ತು ಸುತ್ತಿಟ್ಟರೆ ಮತ್ತೆ ಅಳತೆಗೆ ಬರತ್ತೆ. ಬಗ್ಗಿಸಿದರೆ ಪಟ್ ಅಂತ ಮುರಿಯೋದನ್ನು ತಗೋಬೇಡಿ. ರಬ್ಬರ್ ಬೆರೆಸಿದ ಕಾರ್ಕ್ ಸಿಕ್ಕರೆ ಅದು ಬಾಳಿಕೆ ಜಾಸ್ತಿ.

ಟ್ಯೂಬ್ ಕತ್ತರಿಸಿ ಪ್ಯಾಕಿಂಗ್ ಮಾಡೋ ನಮ್ಮ ಹಳ್ಳಿ ಜಾಣತನದ ಬಗ್ಗೆ ಒಂದು ಮಾತು. ನೀರಿನ ಪೈಪಿಗೆ, ಸ್ಪ್ರೇಯರ್‌ಗೆ ಅದು ನಡೆಯತ್ತೆ. ಇಂಜಿನ್ ಆಯಿಲ್‌ಗೆ ನಡೆಯಲ್ಲ. ಟ್ಯೂಬಿನ ರಬ್ಬರ್ ಆಯಿಲ್ ಕುಡಿದು ಉಬ್ಬಿ, ಮೆತ್ತಗಾಗಿ, ಜಾರಿ ಹೊರಗೆ ಬರತ್ತೆ. ಆಯಿಲ್ ತಡೆಯೋ ರಬ್ಬರೇ ಬೇರೆ ಜಾತಿ, ನೈಟ್ರೈಲ್ ಅಂತಾರೆ. ಹೊರಗಿನಿಂದ ಎಂ-ಸೀಲ್ ಮೆತ್ತೋದೂ ಅಷ್ಟೇ, ಜಿಡ್ಡಿನ ಮೇಲೆ ಅದು ಹಿಡಿಯಲ್ಲ, ಹಿಡಿದರೂ ಮುಂದೆ ಕವರ್ ಬಿಚ್ಚೋವಾಗ ನಿಮಗೇ ಶಿಕ್ಷೆ.

ಇನ್ನು ಟ್ಯೂಬಿನಲ್ಲಿ ಬರೋ ಸಿಲಿಕೋನ್ ಅಂಟು. ಇದು ಬಂದ ಮೇಲೆ ಮೆಕ್ಯಾನಿಕ್‌ಗಳ ಕೈ ತುಂಬಾ ಧಾರಾಳ ಆಗಿದೆ. ದಪ್ಪಗೆ ಹಾಕಿ ಬಿಗಿದಾಗ ಹೊರಗೆ ಬಂದಷ್ಟೇ ಒಳಗೂ ಹೋಗಿರತ್ತೆ. ಹೊರಗಿನದನ್ನು ಒರೆಸ್ತೀವಿ, ಒಳಗಿನದನ್ನು ಯಾರು ಒರೆಸ್ತಾರೆ? ಅದು ಹುಳದ ಹಾಗೆ ತುಂಡಾಗಿ ಸಂಪ್‌ಗೆ ಇಳಿದು ಆಯಿಲ್ ಪಂಪಿನ ಜಾಲರಿಗೆ ಅಡ್ಡ ಕೂತರೆ, ಆಯಿಲ್ ಇದ್ದೂ ಇಂಜಿನ್ನಿಗೆ ಆಯಿಲ್ ಸಿಗಲ್ಲ. ಹನಿ ಸೋರಿಕೆ ನಿಲ್ಲಿಸೋಕೆ ಹೋಗಿ ಇಂಜಿನ್ನನ್ನೇ ಕಳ್ಕೊಳ್ಳೋ ದಾರಿ ಇದು. ಅಚ್ಚಿನಲ್ಲಿ ಮಾಡಿದ ರಬ್ಬರ್ ಪ್ಯಾಕಿಂಗ್ ಇದ್ದರೆ ಅಂಟೇ ಬೇಡ, ಒಣಗಿದ್ದನ್ನೇ ಕೂರಿಸಿ, ಕಂಪನಿ ಹೇಳಿರೋ ಮೂಲೆ, ಜಾಯಿಂಟ್‌ಗೆ ಮಾತ್ರ ಒಂದೊಂದು ಚುಕ್ಕೆ. ಕಂಪನಿಯೇ ಪ್ಯಾಕಿಂಗ್ ಇಲ್ಲದೆ ಅಂಟಿನ ಮೇಲೆ ಕೂರಿಸಿದ ಕವರ್ ಆಗಿದ್ದರೆ 2-3 ಮಿ.ಮೀ. ದಪ್ಪದ ಒಂದೇ ಎಳೆ, ಬೋಲ್ಟ್ ತೂತಿನ ಒಳಬದಿಯಿಂದ ಸುತ್ತಿ ಬರಲಿ. ಟ್ಯೂಬಿನ ಮೇಲೆ ಬರೆದಿರೋ ಸಮಯ ಪಾಲಿಸಿ. ಸಾಮಾನ್ಯವಾಗಿ ಪೂರ್ತಿ ಗಟ್ಟಿಯಾಗೋಕೆ 24 ಗಂಟೆ ಬೇಕು. ಸಂಜೆ ಹಾಕಿ, ಮಾರನೇ ದಿನ ಸಂಜೆವರೆಗೂ ಗಾಡಿ ಮುಟ್ಟಬೇಡಿ.

ಕಾರ್ಕ್ ಪ್ಯಾಕಿಂಗಿಗೆ ನಾನು ಇಷ್ಟಪಡೋದು ಹಳೇ ವಿಧಾನ. ಕವರ್ ಬದಿಗೆ ಮಾತ್ರ ಶೆಲಾಕ್ ತೆಳ್ಳಗೆ ಹಚ್ಚಿ ಪ್ಯಾಕಿಂಗ್ ಅಂಟಿಸಿ, ಅದು ಹಿಡಿದ ಮೇಲೆ ಹೆಡ್ ಬದಿಗೆ ಬೆರಳಲ್ಲಿ ಸವರಿದಷ್ಟು ಗ್ರೀಸ್. ಟ್ರ್ಯಾಕ್ಟರ್‌ನಲ್ಲಿ ಟ್ಯಾಪೆಟ್ ನೋಡಿಸೋಕೆ ಈ ಕವರ್ ಮತ್ತೆ ಮತ್ತೆ ಬಿಚ್ಚಲೇಬೇಕು. ಹೀಗೆ ಮಾಡಿದ್ದರೆ ಪ್ಯಾಕಿಂಗ್ ಹರಿಯದೆ ಕವರ್ ಜೊತೆಗೇ ಎದ್ದು ಬರತ್ತೆ, ಚೆನ್ನಾಗಿದ್ದರೆ ಮತ್ತೆ ಅದನ್ನೇ ಕೂರಿಸಬಹುದು.

ಕೂರಿಸೋದು

ಕವರ್ ಇಟ್ಟು ಎಲ್ಲ ಬೋಲ್ಟ್‌ಗಳನ್ನೂ ಮೊದಲು ಕೈಯಲ್ಲೇ ಹತ್ತಿಸಿ. ಪ್ಯಾಕಿಂಗ್ ಎಲ್ಲೂ ಜಾರಿಲ್ಲ ಅಂತ ಸುತ್ತ ಬೆರಳಾಡಿಸಿ ನೋಡಿ. ಆಮೇಲೆ ನಡುವಿನಿಂದ ಶುರು ಮಾಡಿ ಅಡ್ಡಡ್ಡವಾಗಿ ಹೊರಕ್ಕೆ ಹೋಗ್ತಾ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. 10 ನಂಬರ್ ಸ್ಪ್ಯಾನರ್ ಹಿಡಿಸೋ ಸಣ್ಣ ಬೋಲ್ಟ್‌ಗೆ ಹೆಚ್ಚೆಂದರೆ 8-10 ನ್ಯೂಟನ್ ಮೀಟರ್ ಸಾಕು, ನಿಮ್ಮ ಗಾಡಿ ಮ್ಯಾನುಯಲ್‌ನಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಟಾರ್ಕ್ ರೆಂಚ್ ಇಲ್ಲದವರು ಸ್ಪ್ಯಾನರಿನ ಬಾಲ ಹಿಡೀಬೇಡಿ, ಬಾಯಿ ಹತ್ತಿರ ಎರಡು ಬೆರಳು ಹೆಬ್ಬೆರಳಲ್ಲಿ ಹಿಡಿದು ತಿರುಗಿಸಿ. ಕಾರ್ಕ್ ಒಂಚೂರು ಒತ್ತಿಕೊಂಡಿದ್ದು ಕಂಡರೆ ಅಲ್ಲಿಗೆ ನಿಲ್ಲಿಸಿ. ನೆತ್ತಿ ನಟ್‌ನ ವಾಷರ್ ಹೊಸದೇ ಇರಲಿ, ಹತ್ತಿಪ್ಪತ್ತು ರೂಪಾಯಿಗೆ ಜಿಪುಣತನ ಬೇಡ. ಬ್ರೀದರ್ ಪೈಪ್ ಮತ್ತೆ ಸೇರಿಸೋ ಮೊದಲು ಬಾಯಿಂದ ಊದಿ ನೋಡಿ.

ಗಾಡಿ ಸ್ಟಾರ್ಟ್ ಮಾಡಿ ಬಿಸಿ ಮಾಡಿ, ತಣ್ಣಗಾದ ಮೇಲೆ ಕಾರ್ಕ್ ಇದ್ದರೆ ಒಂದು ಸಲ, ಒಂದೇ ಸಲ, ಸಡಿಲಾದ ಬೋಲ್ಟ್ ಇದೆಯಾ ನೋಡಿ. ಮತ್ತೆ ಪೌಡರ್ ಹಚ್ಚಿ ಅರ್ಧ ದಿನ ಓಡಿಸಿದರೆ ಕೆಲಸ ಹೇಗಾಗಿದೆ ಅಂತ ಪೌಡರೇ ಹೇಳತ್ತೆ. ಮೊದಲೆರಡು ದಿನ ಮ್ಯಾನಿಫೋಲ್ಡ್ ಹತ್ತಿರ ಸ್ವಲ್ಪ ಹೊಗೆ, ವಾಸನೆ ಬಂದರೆ ಹಳೇ ಜಿಡ್ಡು ಸುಡ್ತಿದೆ ಅಷ್ಟೇ. ಅದನ್ನೂ ಒರೆಸಿಬಿಟ್ಟರೆ ಕಣಕ್ಕೆ ಇಳಿಸೋಕೆ ಧೈರ್ಯ.

ಪವರ್ ಟಿಲ್ಲರ್ ಇರೋರಿಗೆ ಒಂದು ವ್ಯತ್ಯಾಸ. ಅದರ ಸಿಲಿಂಡರ್ ಅಡ್ಡ ಮಲಗಿರೋದರಿಂದ ಕವರ್ ನೆಟ್ಟಗೆ ನಿಂತಿರತ್ತೆ, ಆಯಿಲ್ ಕೆಳ ಅಂಚಿಗೆ ತಾಗ್ತಾನೇ ಇರತ್ತೆ. ಹಾಗಾಗಿ ಕೆಳಗಿನ ಅಂಚನ್ನು ಎರಡು ಪಟ್ಟು ಶ್ರದ್ಧೆಯಿಂದ ಒರೆಸಿ ಕೂರಿಸಬೇಕು. ಗಾಳಿಯಲ್ಲಿ ತಣಿಯೋ ಪಂಪ್‌ಸೆಟ್ ಇಂಜಿನ್‌ನಲ್ಲಿ ಸೋರಿದ ಆಯಿಲ್‌ಗೆ ಧೂಳು ಅಂಟಿ ಫಿನ್‌ಗಳ ಸಂದಿ ಮುಚ್ಚಿದರೆ ಇಂಜಿನ್ ಕಾದು ಕೆಡತ್ತೆ, ಅಲ್ಲಿ ಫಿನ್ ಶುಚಿ ಮಾಡೋದೂ ಈ ಕೆಲಸದ ಭಾಗ. ಸೋರತ್ತೆ ಅಂತ ಮಂದ ಆಯಿಲ್ ಹಾಕೋದು ಯಾವ ಇಂಜಿನ್ನಿಗೂ ಬೇಡ, ತಣ್ಣನೆ ಬೆಳಿಗ್ಗೆ ಅದು ಮೇಲೆ ರಾಕರ್‌ವರೆಗೆ ಏರೋದು ತಡವಾಗತ್ತೆ. ಮ್ಯಾನುಯಲ್ ಹೇಳಿರೋ ಗ್ರೇಡನ್ನೇ ಬಳಸಿ.

ಕೆಲಸ ಮುಗಿದ ಮೇಲೆ ಉಳಿಯೋ ಕಪ್ಪು ಆಯಿಲ್, ಜಿಡ್ಡು ಬಟ್ಟೆ, ಡೀಸೆಲ್ ತೊಳೆದ ನೀರಿನ ಬಗ್ಗೆ. ಗೆದ್ದಲಿಗೆ ಅಂತ ಬೇಲಿ ಕಂಬಕ್ಕೆ ಹಳೇ ಆಯಿಲ್ ಬಳಿಯೋ ಅಭ್ಯಾಸ ನಮ್ಮಲ್ಲಿ ಹಳೇದು. ಮಳೆ ಬಂದಾಗ ಅದು ತೊಳೆದು ಇಳಿಯೋದು ನಮ್ಮ ಬದುವಿಗೇ. ಸರ್ಕಾರದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲೂ ಬಳಸಿದ ಆಯಿಲ್ ಸೇರಿದೆ. ಇಂಜಿನ್ ತೊಳೆಯೋವಾಗ ಕೆಳಗೆ ಅಗಲವಾದ ಟ್ರೇ ಅಥವಾ ಹಳೇ ಬಾಂಡ್ಲಿ ಇಡಿ, ಅದರಡಿಗೆ ಗೋಣಿಚೀಲ ಹಾಸಿ. ಸಿಕ್ಕಿದ್ದನ್ನು ಆಯಿಲ್ ಬಂದ ಡಬ್ಬಿಗೇ ತುಂಬಿ ಮುಚ್ಚಿಡಿ, ಹಳೇ ಆಯಿಲ್ ಸಂಗ್ರಹಿಸೋರು ದೊಡ್ಡ ಗ್ಯಾರೇಜುಗಳಿಗೆ ಬರ್ತಾರೆ, ಅಲ್ಲಿಗೆ ತಲುಪಿಸಿ. ಮಳೆಗಾಲಕ್ಕೆ ಗಾಡಿ ನಿಲ್ಲಿಸೋವಾಗ ಬ್ರೀದರ್ ಬಾಯಿಗೆ ಒಂದು ಬಟ್ಟೆ ಸುತ್ತಿ ದಾರ ಕಟ್ಟಿ. ಅದರ ಇನ್ನೊಂದು ತುದಿಯನ್ನು ಸ್ಟೇರಿಂಗಿಗೆ ಕಟ್ಟಿಡಿ, ಸ್ಟಾರ್ಟ್ ಮಾಡೋಕೆ ಹತ್ತಿದವರ ಕಣ್ಣಿಗೆ ಬೀಳಲಿ.